ಐ++ ಜೊತೆ ನನ್ನ ಹಳೇ ಜಗಳ

ಮೊನ್ನೆ ರಾತ್ರಿ ಅಕ್ಕನ ಮಗ ಫೋನ್ ಮಾಡಿದ. ಮೊದಲ ವರ್ಷದ ಇಂಜಿನಿಯರಿಂಗ್, ಮರುದಿನ ಇಂಟರ್ನಲ್ಸ್. "ಮಾವ, ಐ ಬೆಲೆ 5. ಪ್ರಿಂಟ್‌ಎಫ್ ಒಳಗೆ ಐ, ಐ++, ++ಐ ಅಂತ ಸಾಲಾಗಿ ಕೊಟ್ಟಿದ್ದಾರೆ. ಔಟ್‌ಪುಟ್ ಏನು ಬರತ್ತೆ?"

ಇಪ್ಪತ್ತು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಬಂದಿತ್ತು. ಅದೇ ಐ, ಅದೇ 5. ಪ್ರಿಂಟ್‌ಎಫ್ ಅಂದರೆ ಸಿ ಭಾಷೆಯಲ್ಲಿ ಬೆಲೆಗಳನ್ನು ಪರದೆ ಮೇಲೆ ತೋರಿಸುವ ಫಂಕ್ಷನ್. ಐ++, ++ಐ ಎರಡೂ ಐಗೆ ಒಂದು ಸೇರಿಸುತ್ತವೆ. ++ಐ ಸೇರಿಸಿದ ಮೇಲಿನ ಬೆಲೆ ಕೊಡುತ್ತದೆ, ಐ++ ಸೇರಿಸುವ ಮುಂಚಿನ ಹಳೇ ಬೆಲೆ.

ಆಗ ಲ್ಯಾಬಿನಲ್ಲಿ ಟರ್ಬೊ ಸಿ ಅನ್ನೋ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್), ನೀಲಿ ಪರದೆ. "ಬಲದಿಂದ ಎಡಕ್ಕೆ ಲೆಕ್ಕ ಹಾಕ್ರೋ" ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೊದಲು ++ಐ, ಅಂದರೆ 6. ಆಮೇಲೆ ಐ++, ಅದೂ 6, ಆದರೆ ಒಳಗೊಳಗೇ ಐ 7 ಆಗಿರುತ್ತದೆ. ಕೊನೆಗೆ ಐ. ಉತ್ತರ 7 6 6. ಮಗ್ಗಿ ಥರ ಬಾಯಿಪಾಠ ಮಾಡಿದ್ದೆವು. ವೈವಾದಲ್ಲಿ ನನ್ನ ಗೆಳೆಯನೊಬ್ಬ ಎಡದಿಂದ ಬಲಕ್ಕೆ ಹೋಗಿ 5 5 7 ಅಂದ. ಚೆನ್ನಾಗಿ ಬೈಸಿಕೊಂಡ.

ಫೋನ್ ಕಿವಿಗಿಟ್ಟುಕೊಂಡೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಕ್ಲ್ಯಾಂಗ್ ಅನ್ನೋ ಈಗಿನ ಕಂಪೈಲರಿನಲ್ಲಿ ಓಡಿಸಿದೆ. ಬಂದದ್ದು 5 5 7! ಪಾಪ, ಗೆಳೆಯ ತುಸು ಬೇಗ ಹುಟ್ಟಿಬಿಟ್ಟಿದ್ದ.

ನಿಜ ಹೇಳಬೇಕೆಂದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಫಂಕ್ಷನ್‌ಗೆ ಕೊಟ್ಟ ಆರ್ಗ್ಯುಮೆಂಟುಗಳನ್ನು (ಆವರಣದೊಳಗೆ ಸಾಲಾಗಿ ಕೊಡುವ ಬೆಲೆಗಳನ್ನು) ಯಾವ ಕಡೆಯಿಂದ ಲೆಕ್ಕ ಹಾಕಬೇಕು ಅಂತ ಸಿ ಹೇಳುವುದಿಲ್ಲ. ಅಂಥ ಕಡೆ ಒಂದೇ ವೇರಿಯಬಲ್ಲನ್ನು ಎರಡು ಸಲ ಬದಲಾಯಿಸಿದರೆ ಅದು ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನಾಗಬೇಕು ಅಂತ ನಿಯಮವೇ ಇಲ್ಲ. ಕಂಪೈಲರ್ ಏನು ಕೊಟ್ಟರೂ ಕೇಳುವ ಹಾಗಿಲ್ಲ. ಸಿ ಭಾಷೆಗೆ ನಿಯಮ ಬರೆದ 1989ರ ಆನ್ಸಿ ಸ್ಟ್ಯಾಂಡರ್ಡ್ ಕಾಲದಿಂದಲೂ ಇದೇ ಕಥೆ. ಒಂದು ಹಳೇ ಕಂಪೈಲರಿನ ಚಾಳಿಯನ್ನೇ ನಾವು ಸಿ ಭಾಷೆ ಅಂದುಕೊಂಡು ಕಲಿತಿದ್ದೆವು.

++ ಮೇಲೆ ನನಗೆ ಸಿಟ್ಟಿಲ್ಲ. ಕೆನ್ ಥಾಂಪ್ಸನ್ ಅದನ್ನು ತಂದದ್ದು ಸಿಗಿಂತ ಮುಂಚಿನ ಬಿ ಭಾಷೆಯಲ್ಲಿ. ಪಿಡಿಪಿ-11 ಯಂತ್ರಕ್ಕೋಸ್ಕರ ಮಾಡಿದ್ದು ಅಂತ ತುಂಬ ಜನ ನಂಬಿದ್ದಾರೆ. ಬಿ ಹುಟ್ಟುವಾಗ ಆ ಯಂತ್ರವೇ ಇರಲಿಲ್ಲ ಅಂತ ಸಿ ಭಾಷೆ ಮಾಡಿದ ಡೆನ್ನಿಸ್ ರಿಚಿ ಬರೆದಿದ್ದಾರೆ. ಐ = ಐ + 1 ಅಂತ ಬರೆಯುವುದಕ್ಕಿಂತ ++ಐ ಬರೆದರೆ ಕಂಪೈಲ್ ಆದ ಕೋಡ್ ಚಿಕ್ಕದಾಗುತ್ತಿತ್ತು, ಬಹುಶಃ ಅದೇ ದೊಡ್ಡ ಕಾರಣ ಅನ್ನುತ್ತಾರೆ ಅವರು. ಅವರ ಹತ್ತಿರ ಇದ್ದ ಪಿಡಿಪಿ-7ರಲ್ಲಿ ಇದ್ದದ್ದೇ 8ಕೆ ವರ್ಡ್ ಮೆಮೊರಿ. ಹಾಗಾಗಿ ಜಿಪುಣತನ ಸರಿಯೇ. ಈಗಿನ ಕಂಪೈಲರಿಗೆ ಎರಡೂ ಒಂದೇ.

ಪೈಥಾನ್ ಭಾಷೆಯಲ್ಲಿ ಈ ++ ಇಲ್ಲವೇ ಇಲ್ಲ. ಸ್ವಿಫ್ಟ್ ಭಾಷೆ 2016ರಲ್ಲಿ ಮೂರನೇ ಆವೃತ್ತಿಗೆ ಕಿತ್ತೇ ಹಾಕಿತು. ನನಗೆ ಇಷ್ಟವಾದದ್ದು ಗೋ ಭಾಷೆ ಹಿಡಿದ ದಾರಿ. ಐ++ ಇದೆ, ಆದರೆ ಅದರ ಪಾಡಿಗೆ ಒಂಟಿಯಾಗಿ ನಿಲ್ಲಬೇಕು, ಇನ್ನೊಂದು ಲೆಕ್ಕದೊಳಗೆ ನುಸುಳುವಂತಿಲ್ಲ. ಗೋ ಕಟ್ಟಿದ ಮೂವರಲ್ಲಿ ಇದೇ ಥಾಂಪ್ಸನ್ ಕೂಡ ಒಬ್ಬರು, ನೋಡಿ.

ನಾನು ಈ ಪಕ್ಷ ಸೇರಿದ್ದು ನನ್ನದೇ ಅವಾಂತರದಿಂದ. ಸರ್ವರ್‌ಗೆ ಮೂರು ಸಲ ಕನೆಕ್ಟ್ ಆಗಲು ನೋಡುವ ಒಂದು ವೈಲ್ ಲೂಪ್, ಅಂದರೆ ಷರತ್ತು ನಿಜ ಇರುವ ತನಕ ಮತ್ತೆ ಮತ್ತೆ ಓಡುವ ಕೋಡ್. ಎಣಿಸುವ ವೇರಿಯಬಲ್ ಹೆಸರು ಸಲ, ಶುರು 0ಯಿಂದ. ಷರತ್ತು ಹೀಗಿತ್ತು: ಕನೆಕ್ಟ್ ಆಗಿಲ್ಲ && ಸಲ++ < 3. ನಡುವಿನ ಗುರುತಿನ ಅರ್ಥ, ಎರಡೂ ಕಡೆ ನಿಜ ಇರಬೇಕು. ಲೂಪ್ ಮುಗಿದ ಮೇಲೆ ಸಲ == 3 ಆಗಿದ್ದರೆ "ಫೇಲ್" ಅಂತ ಮೆಸೇಜ್. ನೋಡಲು ಸರಿಯಾಗಿದೆ ಅಲ್ವಾ?

ಮೂರೂ ಸಲ ಸೋತರೆ ಮತ್ತೊಮ್ಮೆ ಹೋಲಿಕೆ ನಡೆಯುತ್ತದೆ. 3 < 3 ಸುಳ್ಳು, ಲೂಪ್ ನಿಲ್ಲುತ್ತದೆ. ಆದರೆ ++ ತನ್ನ ಕೆಲಸ ಮಾಡಿಯೇ ಹೋಗಿರುತ್ತದೆ. ಸಲ ಈಗ 4, ಮೆಸೇಜ್ ಬರಲ್ಲ. ಅದೇ ಮೂರನೇ ಸಲಕ್ಕೆ ಕನೆಕ್ಟ್ ಆಯಿತು ಅನ್ನಿ. ಆಗ && ಎಡಗಡೆ ಸುಳ್ಳು ಅಂತ ಅಲ್ಲೇ ನಿಂತುಬಿಡುತ್ತದೆ, ++ ತನಕ ಹೋಗುವುದೇ ಇಲ್ಲ. ಸಲ 3ರಲ್ಲೇ ಉಳಿಯುತ್ತದೆ. ಕನೆಕ್ಟ್ ಆಗಿದ್ದರೂ "ಫೇಲ್"! ಸೋತಾಗ ಸುಮ್ಮನೆ, ಗೆದ್ದಾಗ ಬೊಬ್ಬೆ.

ಎರಡು ದಿನ ನೆಟ್‌ವರ್ಕ್ ಟೀಮಿನವರ ತಲೆ ತಿಂದಿದ್ದೆ. ಕೊನೆಗೆ ++ ಅನ್ನು ಲೂಪಿನ ಒಳಗೆ ಒಂದು ಸಾಲಿಗೆ ಇಳಿಸಿ, ಹೊರಗೆ ಬಂದ ಮೇಲೆ ಕನೆಕ್ಟ್ ಆಗಿದೆಯಾ ಅಂತ ನೇರವಾಗಿ ಕೇಳಿದೆ. ಒಂದು ಸಾಲು ಜಾಸ್ತಿಯಾಯಿತು, ಅಷ್ಟೇ. ನೆಟ್‌ವರ್ಕ್‌ನವರಿಗೆ ಟೀ ಕೊಡಿಸಿದೆ.

ಅಕ್ಕನ ಮಗ ಇನ್ನೂ ಲೈನಲ್ಲೇ ಇದ್ದ. "ಮಾವ, ಏನು ಬರೀಲಿ?"

"7 6 6 ಬರೆದು ಬಾರೋ. ಮಾರ್ಕ್ಸ್ ಬಂದ ಮೇಲೆ ಒಂದಿನ ಮನೆಗೆ ಬಾ, ಲ್ಯಾಪ್‌ಟಾಪ್ ಓಪನ್ ಮಾಡಿ ತೋರಿಸ್ತೀನಿ."