ಶುಗರ್ ಇದ್ದವರಿಗೆ ಸಪ್ಲಿಮೆಂಟ್ ಬೇಕೇ? ಪರ–ವಿರೋಧ

ಪರ

ಒಂದು ಚಪ್ಪಲಿಯಿಂದ ಶುರು ಮಾಡುತ್ತೇನೆ. ನಮ್ಮ ಚಿಕ್ಕಪ್ಪನಿಗೆ ಶುಗರ್ ಬಂದು ಹನ್ನೊಂದು ವರ್ಷ. ಅಷ್ಟೂ ವರ್ಷ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತಪ್ಪಿಸಿದವರಲ್ಲ. ಒಂದು ದಿನ ದಾರಿಯಲ್ಲಿ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದಿದೆ, ಇವರು ಬರಿಗಾಲಲ್ಲೇ ಹತ್ತು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದಾರೆ. ಹಿಂದೆ ಬರುತ್ತಿದ್ದ ನಾನು ಕೂಗಿದ ಮೇಲೇ ಅವರು ತಿರುಗಿ ನೋಡಿದ್ದು. ಪಾದಕ್ಕೆ ನೆಲ ತಾಗುವುದೇ ತಿಳಿಯುತ್ತಿರಲಿಲ್ಲ. “ಶುಗರ್ ನರಕ್ಕೆ ಹೊಡೆದಿದೆ, ಇನ್ನು ಇಷ್ಟೇ” ಎಂದು ಮನೆಯವರೆಲ್ಲ ಸೇರಿ ತೀರ್ಪು ಕೊಟ್ಟದ್ದೂ ಆಯಿತು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ವಿಟಮಿನ್ ತಳ ಕಂಡಿತ್ತು.

ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಹೀರಿಕೊಳ್ಳುವ ಕರುಳಿನ ಶಕ್ತಿ ಕುಗ್ಗಬಹುದು. ಬಿ12 ಕೊರತೆ ತರುವ ಜೋಮು, ಉರಿ, ಮರಗಟ್ಟುವಿಕೆ ಕಾಣಿಸಿಕೊಳ್ಳುವುದೂ ಪಾದದಲ್ಲೇ, ಥೇಟ್ ಶುಗರಿನ ನರರೋಗದ ಹಾಗೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಮಾರ್ಗಸೂಚಿಯಲ್ಲೇ ಇಂಥವರ ಬಿ12 ಮಟ್ಟವನ್ನು ಆಗಾಗ ನೋಡುತ್ತಿರಬೇಕು ಎಂದಿದೆ. ಚಿಕ್ಕಪ್ಪನಿಗೆ ಬಿ12 ಕೊಡಲು ಶುರು ಮಾಡಿ ಕೆಲವು ತಿಂಗಳಾದ ಮೇಲೆ ಜೋಮು ಪೂರ್ತಿ ಹೋಗಲಿಲ್ಲ, ಆದರೆ ಚಪ್ಪಲಿ ಕಳಚಿದರೆ ಈಗ ಗೊತ್ತಾಗುತ್ತದೆ. ಸಪ್ಲಿಮೆಂಟ್ ಅಂದರೆ ದುಡ್ಡು ದಂಡ ಅನ್ನುವವರ ಎದುರು ನಾನು ಮೊದಲು ಇಡುವುದು ಈ ಚಪ್ಪಲಿಯನ್ನೇ.

ಎರಡನೆಯದು ಇಸಬ್ಗೋಲ್. ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಐದು ನಿಮಿಷ ಬಿಟ್ಟು ನೋಡಿ, ಲೋಳೆಯಾಗಿ ಚಮಚಕ್ಕೆ ಅಂಟಿಕೊಂಡು ಬರುತ್ತದೆ. ಹೊಟ್ಟೆಯಲ್ಲೂ ಆಗುವುದು ಇದೇ. ಆ ಲೋಳೆಯೊಳಗೆ ಸಿಕ್ಕಿಕೊಂಡ ಊಟ ನಿಧಾನವಾಗಿ ಕರಗಿ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದೆ ತೊಟ್ಟಿಕ್ಕುತ್ತದೆ. ಪರಿಣಾಮ ದೊಡ್ಡದಲ್ಲ, ಆದರೆ ನಿಜ. ನೀರು ಧಾರಾಳವಾಗಿ ಕುಡಿಯಬೇಕು, ಬೇರೆ ಮಾತ್ರೆಗಳಿಗೂ ಇದಕ್ಕೂ ನಡುವೆ ಹೊತ್ತು ಬಿಡಬೇಕು, ಅಷ್ಟೇ.

ಗಿಡಮೂಲಿಕೆ ಅಂದ ಕೂಡಲೇ ಮೂಗು ಮುರಿಯುವವರಿಗೂ ಒಂದು ಮಾತಿದೆ. ಇವತ್ತು ಡಾಕ್ಟರರು ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ನಿನ ವಂಶ ಹುಡುಕುತ್ತಾ ಹೋದರೆ ಸಿಗುವುದು ಗಲೇಗಾ ಅಫಿಶಿನಾಲಿಸ್ ಎಂಬ ಗಿಡ, ಯುರೋಪಿನ ಹಳೆಯ ನಾಟಿ ಮದ್ದು. ಅದರಲ್ಲಿದ್ದ ಗಲೇಗಿನ್ ಎಂಬ ಅಂಶದ ಜಾಡು ಹಿಡಿದೇ ವಿಜ್ಞಾನಿಗಳು ಈ ಔಷಧದ ಕುಟುಂಬವನ್ನು ಮುಟ್ಟಿದ್ದು. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮೆಟ್‌ಫಾರ್ಮಿನ್ನನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು.

ವಿಟಮಿನ್ ಡಿ ಬಗ್ಗೆ ಎದುರು ಪಕ್ಷದವರು, ಅದು ಮಧುಮೇಹ ತಡೆಯುತ್ತದೆಯೇ ಎಂದು ಪರೀಕ್ಷಿಸಿದ 2019ರ ಡಿ2ಡಿ ಅಧ್ಯಯನ ಎತ್ತುತ್ತಾರೆಂದು ಗೊತ್ತು. ಅದರಲ್ಲಿ ಪಾಲ್ಗೊಂಡ ಬಹುತೇಕರಿಗೆ ಡಿ ಕೊರತೆಯೇ ಇರಲಿಲ್ಲ. ತುಂಬಿದ ಕೊಡಕ್ಕೆ ನೀರು ಹೊಯ್ದು ಬಾಯಾರಿಕೆ ನೀಗಲಿಲ್ಲ ಎಂದರೆ ಹೇಗೆ? ತೀರಾ ಕಡಿಮೆ ಇದ್ದವರನ್ನು ಮಾತ್ರ ಪ್ರತ್ಯೇಕಿಸಿ ನೋಡಿದಾಗ ಲಾಭದ ಸೂಚನೆ ಕಂಡಿತ್ತು.

ಇನ್ನು, ಊಟ–ನಡಿಗೆಯೇ ಸಾಕು ಎನ್ನುವವರು ಹೇಳುವ “ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆ. ಮಂಡಿ ಸವೆದವರಿಗೆ, ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವವರಿಗೆ ಇದನ್ನು ಹೇಳಿದರೆ ಅದು ಉಪದೇಶವಲ್ಲ, ಕುಟುಕು. ನಡೆಯಲಾಗದ ದಿನವೂ ಏನೋ ಒಂದು ಮಾಡಿಕೊಂಡೆ ಎಂಬ ಸಮಾಧಾನ ಅವರಿಗೂ ಬೇಡವೇ?

ವಿರೋಧ

ಇದನ್ನೂ ನಾನೇ ಬರೆಯುತ್ತಿದ್ದೇನೆ. ಮುಚ್ಚುಮರೆ ಯಾಕೆ, ನನ್ನ ಮನಸ್ಸು ವಾಲುವುದು ಈ ಕಡೆಗೇ.

ಬಿ12 ಕಥೆಯಲ್ಲಿ ನನ್ನ ತಕರಾರಿಲ್ಲ. ಆದರೆ ಅಲ್ಲಿ ನಡೆದದ್ದೇನು? ಪರೀಕ್ಷೆ ಮಾಡಿ, ಕೊರತೆ ಕಂಡು, ಅದನ್ನು ತುಂಬಿದರು. ಅದು ಚಿಕಿತ್ಸೆ. ಜಗಳ ಇರುವುದು ಯಾವ ಕೊರತೆಯೂ ಗೊತ್ತಿಲ್ಲದೆ “ಶುಗರಿಗೆ ಒಳ್ಳೆಯದಂತೆ” ಎಂದು ತಂದಿಡುವ ಉಳಿದ ಡಬ್ಬಿಗಳ ಬಗ್ಗೆ. ಆ ಗಾದೆಗೆ ಇನ್ನೊಂದು ಅರ್ಧ ಇದೆಯಲ್ಲ, “ಮಾತು ಬಲ್ಲವನಿಗೆ ಜಗಳವಿಲ್ಲ” ಅಂತ? ಡಬ್ಬಿಯ ಮೇಲಿನ ಬರಹಗಾರರು ಅದನ್ನು ಚೆನ್ನಾಗಿ ಅರೆದು ಕುಡಿದವರು. ಸಕ್ಕರೆ ಇಳಿಸುತ್ತದೆ ಎಂದು ಬರೆಯುವುದಿಲ್ಲ. “ಆರೋಗ್ಯಕರ ಸಕ್ಕರೆ ಮಟ್ಟಕ್ಕೆ ಬೆಂಬಲ” ಎಂದು ಬರೆಯುತ್ತಾರೆ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಕೆಲಸ ಮಾಡುತ್ತದೆಂದು ಮಾರಾಟಕ್ಕೆ ಮೊದಲು ಸರ್ಕಾರದ ಮುಂದೆ ರುಜುವಾತು ಮಾಡಬೇಕಿಲ್ಲ. ಆದರೆ ಇಂಥ ಮಾತು ಬರೆದರೆ ‘ಇದು ಯಾವ ಕಾಯಿಲೆಯನ್ನೂ ಪತ್ತೆ ಮಾಡಲು, ಗುಣಪಡಿಸಲು, ತಡೆಯಲು ಇರುವುದಲ್ಲ’ ಎಂದೂ ಡಬ್ಬಿಯ ಮೇಲೆ ಅಚ್ಚು ಹಾಕಬೇಕು. ಕನ್ನಡಕ ಹಾಕಿಕೊಂಡು ಒಮ್ಮೆ ಆ ಸಾಲು ಹುಡುಕಿ.

ಗಲೇಗಾ ಗಿಡದ ಕಥೆ ಅರ್ಧಕ್ಕೇ ನಿಂತಿತು. ಗಲೇಗಿನ್ನನ್ನು ನೇರವಾಗಿ ಕೊಟ್ಟು ನೋಡಿದಾಗ ಅದರ ವಿಷಗುಣದಿಂದಾಗಿ ಕೈಬಿಡಬೇಕಾಯಿತು. ಅದೇ ಕುಟುಂಬದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಿ ಜೀವ ತೆಗೆಯುತ್ತದೆಂದು 1970ರ ದಶಕದಲ್ಲಿ ಅನೇಕ ದೇಶಗಳ ಮಾರುಕಟ್ಟೆಯಿಂದ ಹೊರಬಿತ್ತು. ದಶಕಗಳ ಪರೀಕ್ಷೆ ದಾಟಿ ಉಳಿದದ್ದು ಮೆಟ್‌ಫಾರ್ಮಿನ್. ಗಿಡ ಔಷಧವಾದದ್ದು ಆ ಜರಡಿಯಿಂದ. ಇನ್ನೂ ಬೇಸರದ ಸಂಗತಿಯೆಂದರೆ, ‘ಶುದ್ಧ ನೈಸರ್ಗಿಕ’ ಎಂದು ಮಾರಿದ ಶುಗರ್ ಮಾತ್ರೆಗಳಲ್ಲಿ ಗುಟ್ಟಾಗಿ ಬೆರೆಸಿದ, ಸಕ್ಕರೆ ಇಳಿಸುವ ಔಷಧಗಳಾದ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್, ಇದೇ ಫೆನ್‌ಫಾರ್ಮಿನ್ ಕೂಡ ಸಿಕ್ಕಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆಯನ್ನೂ ಕೊಟ್ಟಿದೆ. ಆ ಮಾತ್ರೆ ನುಂಗಿದ ಮೇಲೆ ಸಕ್ಕರೆ ಇಳಿಯದೆ ಏನು? ಡಾಕ್ಟರು ಕೊಟ್ಟದ್ದರ ಜೊತೆ ಇದೂ ಸೇರಿದರೆ ಮಧ್ಯರಾತ್ರಿ ಬೆವರಿ, ನಡುಗಿ, ಪ್ರಜ್ಞೆ ತಪ್ಪುವಷ್ಟು ಇಳಿಯಬಹುದು.

ಚಕ್ಕೆ ಪುಡಿಯ ಕ್ಯಾಪ್ಸೂಲ್ ಬಗ್ಗೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಹತ್ತು ಪ್ರಯೋಗಗಳನ್ನು ಜಾಲಾಡಿ, ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲ ಎಂದಿತು. ಡಿ2ಡಿಯಲ್ಲಿ ಶುಗರ್ ಗಡಿಯಲ್ಲಿದ್ದ 2,423 ಜನರಿದ್ದರು. ದಿನಕ್ಕೆ 4,000 ಯೂನಿಟ್ ವಿಟಮಿನ್ ಡಿ ತೆಗೆದುಕೊಂಡವರಲ್ಲಿ ನೂರಕ್ಕೆ 24.2, ಔಷಧವಿಲ್ಲದ ಹುಸಿ ಮಾತ್ರೆಯವರಲ್ಲಿ 26.7 ಮಂದಿಗೆ ಮಧುಮೇಹ ಬಂತು. ಆ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಕೊಡದ ಹೋಲಿಕೆ ಚೆಂದವಿದೆ, ಒಪ್ಪಿದೆ. ಆದರೆ ಖಾಲಿ ಕೊಡ ಯಾವುದೆಂದು ತಿಳಿಯಲು ಮತ್ತೆ ರಕ್ತ ಪರೀಕ್ಷೆಯೇ ಬೇಕು. ಇನ್ನೊಂದು ಕಿರುಕುಳ: ವಿಟಮಿನ್ ಸಿ ಭಾರೀ ಪ್ರಮಾಣದಲ್ಲಿ ಮೈಯಲ್ಲಿದ್ದರೆ ಕೆಲವು ಗ್ಲೂಕೋಮೀಟರುಗಳು ಇಲ್ಲದ ಸಕ್ಕರೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ದೇವರೇ ಗತಿ.

ಈಗ ಊಟ–ನಡಿಗೆಯನ್ನು ಆ ಕಡೆ ಇಟ್ಟು ನೋಡಿ. 2002ರಲ್ಲಿ ಪ್ರಕಟವಾದ ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಅಧ್ಯಯನದಲ್ಲಿ ಗಡಿಯಲ್ಲಿದ್ದ 3,234 ಜನ. ಮೆಟ್‌ಫಾರ್ಮಿನ್ ಮಧುಮೇಹದ ಸಾಧ್ಯತೆಯನ್ನು ಶೇ 31 ತಗ್ಗಿಸಿತು. ಊಟ–ನಡಿಗೆ ತಿದ್ದಿಕೊಂಡದ್ದು ಶೇ 58. ಔಷಧವನ್ನೇ ಹಿಂದಿಕ್ಕಿದ ಆ ಗುಂಪಿಗೆ ಇಟ್ಟ ಗುರಿ, ತೂಕದಲ್ಲಿ ಶೇ 7 ಇಳಿಕೆ ಮತ್ತು ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. ಎಂಬತ್ತು ಕಿಲೋ ಇದ್ದವರಿಗೆ ಐದೂವರೆ ಕಿಲೋ ಚಿಲ್ಲರೆ ಇಳಿಕೆ, ವಾರಕ್ಕೆ ಐದು ದಿನ ಅರ್ಧ ಗಂಟೆ ನಡಿಗೆ. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ, ಫಿನ್‌ಲೆಂಡಿನಲ್ಲಿ 522 ಜನರ ಮೇಲೆ ನಡೆದ ಅಧ್ಯಯನದಲ್ಲೂ ಅದೇ ಶೇ 58.

ಕಾರಣ ಸರಳ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದಿಲ್ಲ, ತಾನೇ ಬಾಗಿಲು ತೆಗೆದು ಸಕ್ಕರೆ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಬೆರಳಿಗೇ ಚುಚ್ಚಿ ನೋಡಿದ್ದೇನೆ: ಅದೇ ಊಟ, ಅದೇ ಅಳತೆ, ಊಟವಾಗಿ ಕಾಲು ಗಂಟೆ ನಡೆದ ದಿನ ಮೀಟರು ಕೂತ ದಿನಕ್ಕಿಂತ ಮೂವತ್ತು ನಲವತ್ತು ಕಡಿಮೆ ತೋರಿಸಿತು. (ಒಬ್ಬನ ಬೆರಳು ಅಧ್ಯಯನವಲ್ಲ. ಆದರೂ ನಂಬಿಕೆ ಹುಟ್ಟಿಸುವುದು ಬೆರಳೇ.)

ಊಟ–ನಡಿಗೆಗೂ ಮಿತಿ ಇದೆ. ಟೈಪ್ 1 (ದೇಹ ಇನ್ಸುಲಿನ್ ತಯಾರಿಸದ ಬಗೆಯ ಶುಗರ್) ಇದ್ದವರಿಗೆ ಇನ್ಸುಲಿನ್ ಬೇಕೇ ಬೇಕು. ಬ್ರಿಟನ್ನಿನ ‘ಡೈರೆಕ್ಟ್’ ಎಂಬ ಪ್ರಯೋಗದಲ್ಲಿ ಕಟ್ಟುನಿಟ್ಟಿನ ಕಡಿಮೆ ಕ್ಯಾಲರಿ ಆಹಾರದಿಂದ ಟೈಪ್ 2 ಇದ್ದವರಲ್ಲಿ ಶೇ 46ರಷ್ಟು ಮಂದಿ ಒಂದು ವರ್ಷದ ಹೊತ್ತಿಗೆ ಔಷಧವಿಲ್ಲದೆ ಹತೋಟಿಗೆ ಬಂದರು. ಎರಡನೇ ವರ್ಷ ಆ ಪ್ರಮಾಣ ಶೇ 36ಕ್ಕೆ ಇಳಿಯಿತು.

ಆ ‘ಸಮಾಧಾನ’ದ ವಿಷಯ ಬಾಕಿ ಇದೆ. ನನಗೆ ಹೆದರಿಕೆ ಅದರದ್ದೇ. ಬಿ12 ಫಲ ಕೊಟ್ಟದ್ದೇ ತಡ, ಚಿಕ್ಕಪ್ಪನ ಕಪಾಟಿಗೆ ಕ್ರೋಮಿಯಂ ಬಂತು, ಚಕ್ಕೆ ಬಂತು, ಬರ್ಬೆರಿನ್ ಬಂತು. ಡಬ್ಬಿಗಳನ್ನು ಸಾಲಾಗಿ, ಎತ್ತರದ ಪ್ರಕಾರ ಜೋಡಿಸಿಟ್ಟಿದ್ದಾರೆ. ಸಂಜೆ ಆರಕ್ಕೆ ಹೋದರೆ ಟಿವಿ ಮುಂದೆ ಕೂತಿದ್ದರು, ವಾಕಿಂಗ್ ಶೂ ಬಾಗಿಲ ಹಿಂದೆ ಧೂಳು ಹಿಡಿದಿತ್ತು. “ಯಾಕೆ ಚಿಕ್ಕಪ್ಪಾ, ಇವತ್ತು ಹೋಗಲಿಲ್ವಾ?” ಅಂದೆ.

“ಎಲ್ಲಾ ಮಾತ್ರೆ ತಗೊಂಡೆನಲ್ಲೋ,” ಅಂದರು.