ಎಮ್ ಮೋಡ್‌ಗೆ ಅಷ್ಟೇನು ಅವಸರ?

ಕ್ಯಾಮೆರಾ ಕೊಂಡವರಿಗೆಲ್ಲ ಸಿಗುವ ಮೊದಲ ಉಪದೇಶ ಒಂದೇ: "ಆಟೋ ಬಿಡು, ಎಮ್‌ಗೆ ಹಾಕು." ಎಮ್ ಅಂದರೆ ಮ್ಯಾನ್ಯುಯಲ್, ಎಲ್ಲ ಸೆಟ್ಟಿಂಗನ್ನೂ ಕೈಯಾರೆ ಹೊಂದಿಸುವ ಮೋಡ್. ನಾನೂ ಹಾಕಿದೆ. ತಿಂಗಳುಗಟ್ಟಲೆ ಡಯಲ್ ತಿರುಗಿಸಿದ್ದೇ ಬಂತು. ಸೆಟ್ಟಿಂಗ್ ಸರಿಹೋಗುವ ಹೊತ್ತಿಗೆ ಹಕ್ಕಿ ಹಾರಿಹೋಗಿರುತ್ತಿತ್ತು.

ಅಷ್ಟಕ್ಕೂ ಎಮ್‌ನಲ್ಲಿ ನಾನು ಮಾಡುತ್ತಿದ್ದುದೇನು? ಕ್ಯಾಮೆರಾದೊಳಗಿನ, ಬೆಳಕು ಅಳೆಯುವ ಮೀಟರಿನ ಗುರುತು ಸೊನ್ನೆಗೆ ಬರುವ ತನಕ ಡಯಲ್ ತಿರುಗಿಸುವುದು. ಅದನ್ನು ಆಟೋ ಕ್ಷಣದಲ್ಲಿ ಮಾಡುತ್ತದೆ. ಕ್ಯಾಮೆರಾದ ಕೂಲಿಯನ್ನು ನಾನು ಮಾಡುತ್ತಿದ್ದೆ, ಅಷ್ಟೇ.

ತಿಳಿಯಬೇಕಾದದ್ದು ಆ ಮೀಟರನ್ನು. ಎದುರಿಗಿರುವುದೆಲ್ಲ ಸರಾಸರಿ ನಡುಬೂದು ಎಂದುಕೊಂಡೇ ಅದರ ಲೆಕ್ಕ ಶುರುವಾಗುತ್ತದೆ. ಫ್ರೇಮ್ ತುಂಬ ಕರಿ ನಾಯಿ ಇದ್ದರೆ "ಅಯ್ಯೋ, ಕತ್ತಲು" ಎಂದು ಬೆಳಕು ಜಾಸ್ತಿ ಮಾಡುತ್ತದೆ. ನಾಯಿ ಬೂದಿಯಲ್ಲಿ ಹೊರಳಾಡಿ ಬಂದ ಹಾಗೆ ಕಾಣುತ್ತದೆ. ಬಿಳಿ ಗೋಡೆ ಮಂಕಾಗುತ್ತದೆ. ಇದಕ್ಕೆ ಮದ್ದು ಪ್ಲಸ್-ಮೈನಸ್ ಗುಂಡಿ, ಅಂದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್. ಕರಿ ನಾಯಿಗೆ ಮೈನಸ್ 1, ಬಿಳಿ ಗೋಡೆಗೆ ಪ್ಲಸ್ 1 ಇಟ್ಟು ನೋಡಿ. ಮೊದಮೊದಲು ಉಲ್ಟಾ ಅನಿಸುತ್ತದೆ, ಅಲ್ವಾ?

ಈಗ ನಾನು ಹೆಚ್ಚಾಗಿ ಇರುವುದು ಅಪರ್ಚರ್ ಪ್ರಯಾರಿಟಿಯಲ್ಲಿ. ಕ್ಯಾನನ್‌ನಲ್ಲಿ ಅದು ಎವಿ, ನಿಕಾನ್‌ನಲ್ಲಿ ಎ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಷ್ಟು ತೆರೆಯಬೇಕೆಂದು ನಾನು ಹೇಳುತ್ತೇನೆ; ಶಟರ್, ಅಂದರೆ ಬೆಳಕು ಎಷ್ಟು ಹೊತ್ತು ಒಳಬರಬೇಕು ಎನ್ನುವುದನ್ನು, ಕ್ಯಾಮೆರಾ ನೋಡಿಕೊಳ್ಳುತ್ತದೆ. ಕಿಂಡಿಯ ಅಳತೆ ಹೇಳುವ ಎಫ್ ಅಂಕಿ ದೊಡ್ಡದಾದರೆ ಕಿಂಡಿ ಚಿಕ್ಕದಾಗುವುದೇಕೆಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದು ಬರೀ ಭಾಗಾಕಾರ: 50 ಎಂಎಂ ನಾಭಿದೂರದ ಲೆನ್ಸಿನಲ್ಲಿ ಎಫ್ 2 ಅಂದರೆ 25 ಎಂಎಂ ಕಿಂಡಿ, ಎಫ್ 10 ಅಂದರೆ ಬರೀ 5. ಕಿಂಡಿ ದೊಡ್ಡದಾದಷ್ಟೂ ಹಿನ್ನೆಲೆ ಮಸುಕು.

ಆದರೂ ಶಟರ್ ಮೇಲೆ ಒಂದು ಕಣ್ಣಿರಲಿ. 50 ಎಂಎಂ ಲೆನ್ಸ್ ಕೈಯಲ್ಲಿ ಹಿಡಿದಾಗ 1/50 ಸೆಕೆಂಡಿಗಿಂತ ನಿಧಾನವಾದರೆ ಕೈ ನಡುಕ ಚಿತ್ರಕ್ಕೆ ಬರಬಹುದು. ಓಡುವ ಮಗುವಿಗೆ ನಾನು ಶಟರ್ ಪ್ರಯಾರಿಟಿಗೆ ಹೋಗಿ 1/500 ಇಡುತ್ತೇನೆ. ಕಿಂಡಿ, ಶಟರ್ ಎರಡನ್ನೂ ಕ್ಯಾಮೆರಾಕ್ಕೇ ಬಿಡುವ ಪಿ (ಪ್ರೋಗ್ರಾಂ) ಮೋಡ್ ಕೂಡ ಕೆಟ್ಟದ್ದೇನಲ್ಲ. ಈ ಮೂರೂ 1978ರ ಕ್ಯಾನನ್ ಎ-1 ಫಿಲ್ಮ್ ಕ್ಯಾಮೆರಾದಲ್ಲೇ ಇದ್ದವು. ಇವನ್ನು ಸೋಮಾರಿಗಳ ಮೋಡ್ ಎಂದು ಸುಮ್ನೆ ಹೀಯಾಳಿಸುವುದು ನನಗೆ ಹಿಡಿಸುವುದಿಲ್ಲ.

ಎಮ್ ಬೇಡವೇ ಬೇಡ ಎನ್ನುತ್ತಿಲ್ಲ. ವೇದಿಕೆಯ ಬೆಳಕು ಬದಲಾಗದೆ ನಿಂತಿದ್ದು, ಹಿಂದಿನ ಪರದೆ ಮಾತ್ರ ಕಪ್ಪಾಗಿದ್ದರೆ ನಾನೂ ಎಮ್‌ಗೇ ಹೋಗುತ್ತೇನೆ. ಆದರೆ ಎಮ್‌ಗೆ ಹಾಕಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋದಲ್ಲೇ ಬಿಟ್ಟು, "ನಾನು ಫುಲ್ ಮ್ಯಾನ್ಯುಯಲ್" ಎನ್ನುವವರನ್ನು ಕಂಡರೆ ನಗು ಬರುತ್ತದೆ. ಅಲ್ಲೂ ಲೆಕ್ಕ ಹಾಕುತ್ತಿರುವುದು ಅದೇ ಮೀಟರು.