ಇನ್‌ಸ್ಟಾಗ್ರಾಂ ಚಟ 'ರೋಗ' ಅಂತ ಘೋಷಣೆ ಆಗಿಲ್ಲ

"ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಇನ್‌ಸ್ಟಾಗ್ರಾಂ ನೋಡುವ ಮಕ್ಕಳಿಗೆ ಮಾನಸಿಕ ರೋಗ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ." ಉಡುಪಿಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಈ ವಾರ ಮೂರು ಸಲ ಬಂತು. ಇದು ಸರಿಯಲ್ಲ.

ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಇರುವುದು ಗೇಮಿಂಗ್ ಚಟ. ಸೋಷಿಯಲ್ ಮೀಡಿಯಾ ಚಟ ಅಂತ ಬೇರೆ ರೋಗದ ಹೆಸರಿಲ್ಲ. ಗೇಮಿಂಗ್‌ಗೂ ಗಂಟೆಯ ಲೆಕ್ಕ ಹಾಕಿಲ್ಲ. ಆಟ ಕೈಮೀರಿ, ಓದು, ಮನೆ, ಗೆಳೆತನ ಎಲ್ಲ ಹಾಳಾಗಿ, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೇ ನಡೆದರೆ ಮಾತ್ರ ಆ ಹೆಸರು.

ಹಾಗಂತ ರಾತ್ರಿಯಿಡೀ ರೀಲ್ಸ್ ನೋಡಬಹುದು ಅಂತಲ್ಲ. ಜಾಸ್ತಿ ಬಳಕೆಗೂ ಬೇಸರ, ಆತಂಕಕ್ಕೂ ನಂಟು ಕಂಡಿದೆ. ಆದರೆ ಯಾವುದರಿಂದ ಯಾವುದು? ಮೊದಲೇ ಬೇಸರದಲ್ಲಿರುವ ಹುಡುಗಿಯೂ ಸುಮ್ನೆ ಫೋನ್ ಹಿಡಿದು ಕೂರಬಹುದು, ಅಲ್ವಾ?

ನಮ್ಮನೆಯಲ್ಲಿ ಪೆಟ್ಟು ಬಿದ್ದದ್ದು ನಿದ್ದೆಗೆ. ಮಗನ ದಿಂಬಿನಡಿ ಫೋನ್, ಬೆಳಿಗ್ಗೆ ನೀರುದೋಸೆ ಕೈಯಲ್ಲಿ ಹಿಡಿದೇ ತೂಕಡಿಕೆ. ಹದಿಹರೆಯದಲ್ಲಿ 8ರಿಂದ 10 ಗಂಟೆ ನಿದ್ದೆ ಬೇಕು. ಈಗ ರಾತ್ರಿ ಫೋನ್ ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕ ಚಾರ್ಜಿಗೆ. ನನ್ನದೂ ಅಲ್ಲೇ, ಅದು ಅವನ ಷರತ್ತು.

ಮಗು ತೀರಾ ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.